‘ಹದ ಹಾಕು’ ಅಂದರೆ ಗಡಸು ಮಾಡುವುದೋ, ಮೆದು ಮಾಡುವುದೋ?

ಒಂದು ಮಾತಿನ ಬಗ್ಗೆ ಕೇಳಬೇಕಿದೆ. ಕಬ್ಬಿಣದ ಕೆಲಸದಲ್ಲಿ ‘ಹದ ಹಾಕುವುದು’ ಅಂದರೆ ಸರಿಯಾಗಿ ಯಾವ ಕೆಲಸ? ಕೆಂಪಗೆ ಕಾದ ಕತ್ತಿಯನ್ನು ನೀರಿಗೋ ಎಣ್ಣೆಗೋ ಅದ್ದಿ ಗಡಸು ಮಾಡುವುದಾ? ಅಥವಾ ಹಾಗೆ ಗಡಸಾದದ್ದಕ್ಕೆ ಮತ್ತೆ ಸಣ್ಣ ಬಿಸಿ ಕೊಟ್ಟು ತುಸು ಮೆದು ಮಾಡುವುದಾ? ಇವೆರಡೂ ಬೇರೆ ಬೇರೆ ಕೆಲಸ. ಒಂದರ ಬೆನ್ನಿಗೆ ಇನ್ನೊಂದು ಆಗಲೇಬೇಕು. ನಾವು ಮಾತ್ರ ಎರಡಕ್ಕೂ ಒಂದೇ ಮಾತು ಹೇಳಿ ಮುಗಿಸುತ್ತೇವೆ.

ನನಗೆ ಈ ಪ್ರಶ್ನೆ ಸುಮ್ನೆ ಹುಟ್ಟಿದ್ದಲ್ಲ. ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮ ಮನೆಯ ಹಿಂದೆ, ಹಟ್ಟಿಗೆ ತಾಗಿದ ಹಾಗೆ, ಮುರಕಲ್ಲಿನ ಒಂದು ಸಣ್ಣ ಕೋಣೆ ಕಟ್ಟಿಸಿ ಕುಲುಮೆ ಹಾಕಿಕೊಂಡಿದ್ದೇನೆ. ಲಾರಿಯ ಹಳೇ ಬ್ರೇಕ್ ಡ್ರಮ್ಮೇ ಒಲೆ. ತಿದಿಯ ಬದಲು ಕೈಯಲ್ಲಿ ತಿರುಗಿಸುವ ಬ್ಲೋವರ್. ಉರಿಸುವುದು ಗೆರಟೆ ಮಸಿ, ಅಂದರೆ ತೆಂಗಿನ ಚಿಪ್ಪಿನ ಇದ್ದಿಲು. ನನ್ನ ತಂಗಿಯ ಮಗ ಮುಳ್ಳೇರಿಯದಲ್ಲಿದ್ದಾನೆ. ಅವನಿಗೂ ಇದರ ಹುಚ್ಚು ಹಿಡಿಯಿತು. ಜೀಪಿನ ಹಳೇ ಸ್ಪ್ರಿಂಗ್ ಪ್ಲೇಟಿನಿಂದ ಒಂದು ಕತ್ತಿ ಬಡಿದ. ಬಡಿದಾಯಿತು, ಇನ್ನೇನು ಮಾಡಲಿ ಅಂತ ಫೋನಿನಲ್ಲಿ ಕೇಳಿದ. ‘ಹದ ಹಾಕಿ, ಸಾಣೆ ಹಿಡಿ’ ಅಂದೆ. ಅವನು ಕೆಂಪಗೆ ಕಾಯಿಸಿದ, ಎಣ್ಣೆಗೆ ಅದ್ದಿದ, ಸಾಣೆ ಹಿಡಿದ. ಮರುದಿನ ಒಣಗಿದ ಹಲಸಿನ ಗೆಲ್ಲಿಗೆ ಎರಡನೇ ಏಟು ಹಾಕುವಾಗ ಕತ್ತಿ ನಡುವಿನಲ್ಲೇ ಮುರಿಯಿತು. ಹಾರಿದ ತುಂಡು ಅವನ ಕಾಲಿನ ಪಕ್ಕದಲ್ಲಿ ಬಿತ್ತು.

‘ಮಾವ, ನೀವು ಹೇಳಿದ ಹಾಗೆ ಹದ ಹಾಕಿದ್ದೆನಲ್ಲ’ ಅಂದ. ಅವನ ತಪ್ಪಲ್ಲ. ನಾನು ಒಂದು ಮಾತಿನಲ್ಲಿ ಎರಡು ಕೆಲಸ ಹೇಳಿದ್ದೆ, ಅವನು ಮೊದಲನೆಯದನ್ನು ಮಾತ್ರ ಕೇಳಿಸಿಕೊಂಡಿದ್ದ. ಅವತ್ತಿನಿಂದ ಈ ಪದ ನನ್ನನ್ನು ಬಿಟ್ಟಿಲ್ಲ.

ಕೆಲಸ ಏನು ಅಂತ ಮೊದಲು ಹೇಳುತ್ತೇನೆ, ಆಮೇಲೆ ಪದಕ್ಕೆ ಬರೋಣ. ಸ್ಪ್ರಿಂಗ್ ಪ್ಲೇಟಿನಂಥ ಉಕ್ಕಿನಲ್ಲಿ ನೂರಕ್ಕೆ ಸುಮಾರು 0.6 ಪಾಲು ಇಂಗಾಲ ಇರುತ್ತದೆ. ಅದನ್ನು ಆಯಸ್ಕಾಂತ ಅಂಟದಷ್ಟು ಕಾಯಿಸಬೇಕು. ಸುಮಾರು 770 ಡಿಗ್ರಿ ಸೆಲ್ಸಿಯಸ್‌ಗೆ ಆಯಸ್ಕಾಂತ ಬಿಟ್ಟುಕೊಡುತ್ತದೆ, ಅದರ ಮೇಲೆ ಇನ್ನೂ ಸ್ವಲ್ಪ ಬಿಸಿ ಬೇಕು. ಆಗ ತಟ್ಟನೆ ಎಣ್ಣೆಗೆ ಅದ್ದಿದರೆ ಉಕ್ಕು ತುಂಬ ಗಡಸಾಗುತ್ತದೆ. ಅರ ಹಾಕಿದರೆ ಜಾರುತ್ತದೆ, ಕಚ್ಚುವುದಿಲ್ಲ. ಆದರೆ ಗಾಜಿನ ಹಾಗೆ ಒಡೆಯುತ್ತದೆ. ಇದು ಮೊದಲ ಕೆಲಸ. ಎರಡನೆಯದರಲ್ಲಿ ಅದನ್ನು ಉಜ್ಜಿ ಬೆಳ್ಳಗೆ ಮಾಡಿ ನಿಧಾನ ಬಿಸಿ ತೋರಿಸಬೇಕು. ಮೈಮೇಲೆ ಬಣ್ಣ ಏರುತ್ತಾ ಬರುತ್ತದೆ. 220–230 ಡಿಗ್ರಿಗೆ ತಿಳಿ ಹಳದಿ, 255ರ ಹತ್ತಿರ ಕಂದು, 280ಕ್ಕೆ ನೇರಳೆ, 300ರ ಹತ್ತಿರ ನೀಲಿ. ಕಡಿಯುವ ಕತ್ತಿಗೆ ಕಂದು ದಾಟಿ ನೇರಳೆಗೆ ಹೊರಳುವಾಗ ನಿಲ್ಲಿಸುವುದು ಒಳ್ಳೆಯದು. ಗಡಸು ಸ್ವಲ್ಪ ಇಳಿಯುತ್ತದೆ, ಬದಲಿಗೆ ಬಾಗಿ ತಡೆದುಕೊಳ್ಳುವ ಗುಣ ಬರುತ್ತದೆ. ಅಳಿಯ ಬಿಟ್ಟದ್ದು ಇದನ್ನೇ.

ನಮ್ಮ ಊರಿನಲ್ಲಿ ಹಿರಿಯ ಆಚಾರಿ ಒಬ್ಬರಿದ್ದಾರೆ. ಈಗ ಕೆಲಸ ಬಿಟ್ಟಿದ್ದಾರೆ, ಕೇಳಿದರೆ ಬಂದು ಕೂತು ಹೇಳಿಕೊಡುತ್ತಾರೆ. ಮಾತು ತುಳು. ಅವರ ಹತ್ತಿರ ಈ ಕಥೆ ಹೇಳಿದಾಗ, ‘ಮಾಷ್ಟ್ರೇ, ನೀರು ಕುಡಿಸಿದ್ದಾನೆ, ಬಿಸಿ ತೋರಿಸಲಿಲ್ಲ. ಮತ್ತೆ ಹದ ಎಲ್ಲಿಂದ ಬರಬೇಕು?’ ಅಂದರು. ನೋಡಿ, ಅವರ ಬಾಯಲ್ಲಿ ಮೊದಲ ಕೆಲಸ ‘ನೀರ್ ಪರ್ಪಾವುನಿ’, ನೀರು ಕುಡಿಸುವುದು. ಎಣ್ಣೆಗೆ ಅದ್ದಿದರೂ ಅವರು ನೀರು ಅಂತಲೇ ಹೇಳುತ್ತಾರೆ. ಎರಡನೆಯದು ಬಿಸಿ ತೋರಿಸುವುದು. ಹದ ಅನ್ನುವುದು ಕೆಲಸದ ಹೆಸರೇ ಅಲ್ಲ. ಎರಡೂ ಮುಗಿದ ಮೇಲೆ ಕತ್ತಿಗೆ ಬರುವ ಸ್ಥಿತಿ ಅದು. ನಾವು ‘ಹಾಕುವುದು’ ಸೇರಿಸಿ ಅದನ್ನು ಕೆಲಸ ಮಾಡಿಬಿಟ್ಟಿದ್ದೇವೆ.

ಯೋಚಿಸಿದರೆ ಕನ್ನಡದಲ್ಲಿ ಹದ ಎಲ್ಲ ಕಡೆ ಹೀಗೇ ಇದೆ. ಬೆಲ್ಲದ ಪಾಕಕ್ಕೆ ಹದ ಬರುತ್ತದೆ. ಮಳೆ ಬಿದ್ದ ಗದ್ದೆ ಹದಕ್ಕೆ ಬರುತ್ತದೆ. ‘ಬರುತ್ತದೆ’ ಅನ್ನುತ್ತೇವೆ, ‘ಹಾಕುತ್ತೇವೆ’ ಅನ್ನುವುದಿಲ್ಲ ಅಲ್ವಾ? ಹಳಗನ್ನಡದಲ್ಲಿ ಇದು ‘ಪದ’. ನೆರೆಯ ಭಾಷೆಗಳಲ್ಲಿ ಇದೇ ಪದ ಹೋದ ದಾರಿ ನೋಡಿದರೆ ನನಗಂತೂ ಆಶ್ಚರ್ಯ. ತೆಲುಗಿನಲ್ಲಿ ‘ಪದುನು’ ಅಂದರೆ ಹರಿತ, ಅಲಗಿನ ಚೂಪು. ನಮ್ಮ ಸುತ್ತಮುತ್ತಲಿನ ಮಲಯಾಳದಲ್ಲಿ ‘ಪದಂ’ ಅಂದರೆ ಮೆದು, ಬಗ್ಗುವ ಗುಣ. ಮಣ್ಣನ್ನು ನಾದಿ ಮೆತ್ತಗೆ ಮಾಡುವುದಕ್ಕೂ ಆ ಪದವೇ. ಒಂದೇ ಬೇರು, ಒಂದು ಭಾಷೆ ಗಡಸಿನ ಕಡೆಗೆ ಎಳೆದಿದೆ, ಇನ್ನೊಂದು ಮೆದುವಿನ ಕಡೆಗೆ. ನಡುವೆ ನಿಂತ ಕನ್ನಡದ ಹದ ಎರಡೂ ಅಲ್ಲ, ಎಷ್ಟು ಬೇಕೋ ಅಷ್ಟು. ಒಳ್ಳೆಯ ಕತ್ತಿಗೆ ಬೇಕಾದ್ದೂ ಅದೇ. ಹಾಗಾಗಿ ಈ ಪದವನ್ನು ಒಂದೇ ಕೆಲಸಕ್ಕೆ ಕಟ್ಟಿಹಾಕಲು ನನಗೆ ಮನಸ್ಸಿಲ್ಲ.

ಹಾಗಾದರೆ ಎರಡು ಕೆಲಸಕ್ಕೆ ಏನು ಹೇಳುವುದು? ಮೊದಲನೆಯದಕ್ಕೆ ‘ಗಡಸುಗೊಳಿಸು’ ಅನ್ನಬಹುದು, ತಪ್ಪಿಲ್ಲ. ಆದರೆ ಅದು ಪುಸ್ತಕದ ಮಾತು. ‘ನೀರು ಕುಡಿಸು’ ಕಿವಿಗೆ ಹತ್ತಿರ. ಹಿಂದಿ, ಮರಾಠಿಗಳಲ್ಲೂ ಕತ್ತಿಯ ಹದದ ಮಾತಿಗೆ ನೀರೇ ಬರುತ್ತದೆ. ಎರಡನೆಯದಕ್ಕೆ ‘ಬಿಸಿ ತೋರಿಸು’ ಸಾಕೇ ಅನ್ನುವುದೇ ನನ್ನ ತೊಡಕು. ಬಾಳೆ ಎಲೆ ಬಾಡಿಸುವುದಕ್ಕೂ ಬಿಸಿ ತೋರಿಸುತ್ತೇವೆ. ಕೇಳಿದವನಿಗೆ ಇದು ಬಿಡಬಾರದ ಕೆಲಸ ಅಂತ ಗೊತ್ತಾಗಬೇಕು. ‘ಬಣ್ಣ ಏರಿಸು’ ಅಂದರೆ ಹೇಗೆ? ಮಾಡುವವನು ಕಣ್ಣಿಟ್ಟು ನೋಡಬೇಕಾದ್ದು ಬಣ್ಣವನ್ನೇ.

ಬಣ್ಣದ ಮಾತು ಬಂತು ನೋಡಿ. ನನ್ನ ಟಿಪ್ಪಣಿ ಪುಸ್ತಕದಲ್ಲಿ ನಾನೇ ಹೆಸರು ಕೊಟ್ಟುಕೊಂಡಿದ್ದೇನೆ. ತಿಳಿ ಹಳದಿಗೆ ಬೈಹುಲ್ಲು, ಕಂದಿಗೆ ಅಡಿಕೆಯ ಚೊಗರು (ಅಡಿಕೆ ಬೇಯಿಸಿದ ನೀರು), ನೇರಳೆಗೆ ನೇರಳೆ ಹಣ್ಣೇ, ನೀಲಿಗೆ ಶಂಖಪುಷ್ಪ. ಅಳಿಯನಿಗೆ ಈಗ ‘ಚೊಗರು ದಾಟಲಿ, ಶಂಖಪುಷ್ಪ ಬೇಡ’ ಅಂದರೆ ಸಾಕು, ಡಿಗ್ರಿ ಹೇಳಬೇಕಿಲ್ಲ. ಕೆಂಪಗೆ ಕಾಯಿಸುವಾಗಿನ ಬಣ್ಣ ಮಾತ್ರ ನೆರಳಿನಲ್ಲೇ ಸರಿಯಾಗಿ ಕಾಣುತ್ತದೆ. ಆಚಾರಿಯವರ ಕೊಟ್ಯದಲ್ಲಿ, ಅಂದರೆ ಕೆಲಸದ ಕೊಟ್ಟಿಗೆಯಲ್ಲಿ, ಯಾಕೆ ಅಷ್ಟು ಕತ್ತಲೆ ಅಂತ ನನಗೆ ತಿಳಿದದ್ದು ನಾನೇ ಕೆಲಸಕ್ಕೆ ಇಳಿದ ಮೇಲೆ.

ಇನ್ನೊಂದು ಪದವನ್ನೂ ಇಲ್ಲೇ ಕೇಳಿಬಿಡುತ್ತೇನೆ. ಕಾದ ಕಬ್ಬಿಣ ಇಟ್ಟು ಬಡಿಯುವ ಗಟ್ಟಿಗೆ ಅಡಿಗಲ್ಲು ಅನ್ನುತ್ತೇವೆ. ಗುಜರಿ ಅಂಗಡಿಯಿಂದ 30 ಕಿಲೋದ ಉಕ್ಕಿನ ಗಟ್ಟಿ ತಂದ ದಿನ ನೆರೆಯವರಿಗೆ ‘ಅಡಿಗಲ್ಲು ತಂದೆ’ ಅಂದೆ. ‘ಮನೆ ಕಟ್ಟಿಸ್ತೀರಾ?’ ಅಂತ ಕೇಳಿದರು. ಅವರಿಗೆ ಅಡಿಗಲ್ಲು ಅಂದರೆ ಪಾಯಕ್ಕೆ ಇಡುವ ಕಲ್ಲು. ನಿಘಂಟು ನೋಡಿದರೆ ಕಮ್ಮಾರನದಕ್ಕೆ ಅಡೆಗಲ್ಲು, ಅಡಗಲ್ಲು ಅನ್ನುವ ರೂಪಗಳೂ ಇವೆ. ಇಲ್ಲಿನ ಅಡೆ ಅಂದರೆ ಆಧಾರ, ಕೆಲಸಗಾರರು ವಸ್ತುವನ್ನು ಇಟ್ಟುಕೊಳ್ಳುವ ಮರದ ದಿಮ್ಮಿ. ಕಾಲಡಿಯ ಅಡಿ ಅಲ್ಲ. ತಮಿಳಿನ ‘ಅಡೈಕಲ್’, ಮಲಯಾಳದ ‘ಅಡಕಲ್ಲ್’, ತೆಲುಗಿನ ‘ದಾಗಲಿ’ ಎಲ್ಲ ಇದೇ ಬಳಗ. ನನ್ನ ಗಟ್ಟಿ ಹಲಸಿನ ಕೊರಡಿನ ಮೇಲೆ ಕೂತಿದೆ, ಅಂದರೆ ಅಡೆಯೂ ಇದೆ, ಕಲ್ಲೂ ಇದೆ. ಬರೆಯುವಾಗಲಾದರೂ ಅಡೆಗಲ್ಲು ಅಂತಲೇ ಬರೆದರೆ ಗೊಂದಲ ಇರುವುದಿಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ಇಲ್ಲಿ ಮೂರು ಭಾಷೆಯ ನಡುವೆ ಇರುವುದರಿಂದ ಇಂಥವು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಮಲಯಾಳದ ಕೊಲ್ಲನ್, ಅಂದರೆ ಕಮ್ಮಾರ, ಮತ್ತು ನಮ್ಮ ಕುಲುಮೆ ಒಂದೇ ಬೇರಿನವು. ಕುಲುಮೆಯ ಹಳೆಯ ರೂಪ ಕೊಲಿಮೆ ಅಂತ ಗೊತ್ತಾದರೆ ನಂಟು ತಾನಾಗಿ ಕಾಣುತ್ತದೆ. ನಮ್ಮ ಉಕ್ಕು, ಅವರ ಉರುಕ್ಕ್ ಕೂಡ ಹಾಗೆಯೇ. ನಮ್ಮಲ್ಲೂ ಹಿಂದೆ ಉರ್ಕು ಅಂತಿತ್ತು. ತುಳುವಿನ ಕರ್ಬ, ನಮ್ಮ ಕಬ್ಬಿಣ ಎರಡರಲ್ಲೂ ಕರಿ ಬಣ್ಣ ಕೂತಿದೆ. ಮೂಲ ವೃತ್ತಿಯ ಹೆಸರನ್ನು ಕನ್ನಡ ಹೆಚ್ಚುಕಡಿಮೆ ಬಿಟ್ಟುಕೊಟ್ಟು ಕಮ್ಮಾರ ಅನ್ನುವುದನ್ನು ಸಂಸ್ಕೃತದ ಕರ್ಮಾರದಿಂದ ತೆಗೆದುಕೊಂಡಿತು. ಒಲೆಯ ಹೆಸರು ಮಾತ್ರ ಉಳಿಯಿತು.

ನಿಮ್ಮಿಂದ ನನಗೆ ಬೇಕಾದ್ದು ಇಷ್ಟು. ನಿಮ್ಮ ಊರಿನ ಕಮ್ಮಾರರು ಅದ್ದುವ ಕೆಲಸಕ್ಕೆ ಏನನ್ನುತ್ತಾರೆ? ಆಮೇಲೆ ಸಣ್ಣ ಬಿಸಿ ಕೊಡುವುದಕ್ಕೆ ಬೇರೆ ಮಾತು ಇದೆಯಾ? ಬಯಲುಸೀಮೆಯಲ್ಲಿ ಕುಳ (ನೇಗಿಲಿನ ಕಬ್ಬಿಣದ ಮೊನೆ) ಹಣಿಸುವುದು ಅನ್ನುತ್ತಾರಲ್ಲ, ಆ ಮಾತಿನೊಳಗೆ ಬಡಿಯುವುದು ಮಾತ್ರವೇ, ಅಥವಾ ಅದ್ದುವುದೂ ಸೇರಿದೆಯಾ? ಗಡಿಯಾಚೆಯ ಹೊಸೂರು, ಸೊಲ್ಲಾಪುರ, ಮಡಕಶಿರಾ ಕಡೆಯವರು ಹೇಳಿದರೆ ಇನ್ನೂ ಸಂತೋಷ. ಸಾಧ್ಯವಾದರೆ ಕೆಲಸ ಮಾಡುವವರ ಹತ್ತಿರವೇ ಕೇಳಿ, ಅವರು ಅಂದದ್ದನ್ನು ಅಂದ ಹಾಗೇ ಬರೆದು ತಿಳಿಸಿ. ಅಳಿಯ ಮುರಿದ ಕತ್ತಿಯ ಉಳಿದ ಅರ್ಧದಿಂದ ಒಂದು ಚೂರಿ ಬಡಿದಿಟ್ಟಿದ್ದಾನೆ. ಈ ಸಲ ಅವನಿಗೆ ಎರಡು ಮಾತು ಬೇರೆ ಬೇರೆಯಾಗಿ ಹೇಳಬೇಕು.