ಕೆರೆ ಸುತ್ತ ಪಾರ್ಕ್: ಸಭೆಯಲ್ಲಿ ಏನು ಕೇಳಬೇಕು?

ಹೊಂಗೆನೆರಳು:
ಬೆಂಗಳೂರಿನಲ್ಲಿ ನಮ್ಮ ಬಡಾವಣೆಯ ಸಣ್ಣ ಕೆರೆಗೆ ಪಾರ್ಕ್ ಬರುತ್ತಿದೆ. ಪ್ಲಾನ್ ನೋಡಿದೆ. ಸುತ್ತಲೂ ಏರಿ, ಅದರ ಮೇಲೆ ಪೇವರ್ ಹಾಸಿದ ವಾಕಿಂಗ್ ಪಾತ್, ಒಳಗಡೆಗೆಲ್ಲ ಕಲ್ಲು, ಉದ್ದಕ್ಕೂ ದೀಪ. ಮುಂದಿನ ವಾರ ಸಭೆ ಇದೆ. ನಡೆಯೋಕೆ ಜಾಗ ನನಗೂ ಬೇಕು, ಆದರೆ ಎಲ್ಲೋ ಏನೋ ಸರಿ ಇಲ್ಲ ಅನಿಸುತ್ತಿದೆ. ತಿಳಿದವರು ಹೇಳಿ.

ನೀರಗಂಟಿ:
ಲ್ಯಾಂಡ್‌ಸ್ಕೇಪ್ ನನ್ನ ಕಸುಬು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

"ಸುತ್ತಲೂ ಏರಿ" ಅಂದಿರಲ್ಲ, ತೊಂದರೆ ಅಲ್ಲೇ ಇದೆ. ನಮ್ಮ ಕೆರೆಗಳಿಗೆ ಏರಿ ಇರುವುದು ತಗ್ಗಿನ ಕಡೆ ಮಾತ್ರ. ಉಳಿದ ಕಡೆ ನೆಲ ನಿಧಾನಕ್ಕೆ ನೀರಿಗೆ ಇಳಿಯುತ್ತದೆ. ದನ ನೀರು ಕುಡಿಯುತ್ತಿದ್ದದ್ದು, ಮಳೆನೀರು ಹರಿದು ಬರುತ್ತಿದ್ದದ್ದು ಆ ಕಡೆಯಿಂದಲೇ. ಪಾತ್ ಮಾಡಬೇಕು ಅಂತ ಅಲ್ಲೂ ಮಣ್ಣು ಏರಿಸಿದರೆ ಅದು ರಿಂಗ್ ಬಂಡ್, ಅಂದರೆ ಬಳೆಯ ಹಾಗೆ ಸುತ್ತುವರಿದ ಏರಿ. ಆಮೇಲೆ ನೀರು ಬರೋಕೆ ಉಳಿಯುವುದು ರಾಜಕಾಲುವೆಯ (ಮಳೆನೀರಿನ ದೊಡ್ಡ ಕಾಲುವೆ) ಬಾಯಿ ಒಂದೇ. ಅದರಲ್ಲಿ ಎಷ್ಟು ಕೊಳಚೆ ಬರುತ್ತದೆ ಅಂತ ನಿಮಗೇ ಗೊತ್ತಲ್ಲ!

ಮೂಲ ಏರಿಯ ಒಳಮೈಗೆ ಕಲ್ಲು ಬೇಕೇ ಬೇಕು, ಇಲ್ಲದಿದ್ದರೆ ಅಲೆ ಮಣ್ಣನ್ನು ಕೊರೆಯುತ್ತದೆ. ಅದಕ್ಕೆ ತಕರಾರು ಮಾಡಬೇಡಿ. ಆ ಏರಿಯ ಮೇಲೆ ದೊಡ್ಡ ಮರ ನೆಡುತ್ತೇವೆ ಅಂದರೆ ಮಾತ್ರ ಬೇಡ ಅನ್ನಿ. ಬೇರು ಸತ್ತು ಕೊಳೆತರೆ ಅದೇ ಜಾಡಿನಲ್ಲಿ ನೀರು ಸೋರುತ್ತದೆ. ಹೊಳೆಮತ್ತಿ, ನೇರಳೆ ಎಲ್ಲ ಎದುರು ದಡಕ್ಕೆ ಇರಲಿ. ಅಲ್ಲಿ ಪಾತನ್ನೂ ನೀರಿನಿಂದ ಹಿಂದಕ್ಕೆ ಸರಿಸಿ, ನಡುವೆ ಲಾವಂಚ, ಜೊಂಡು ಬೆಳೆಯೋಕೆ ಬಿಡಿ.

ಎಂಜಿನಿಯರ್ ಇದನ್ನು ಒಪ್ಪದಿದ್ದರೆ ಸಿಂಗಾಪುರದ ಬಿಷನ್–ಆಂಗ್ ಮೋ ಕಿಯೋ ಪಾರ್ಕ್ ತೋರಿಸಿ. 2.7 ಕಿ.ಮೀ. ನೇರ ಕಾಂಕ್ರೀಟ್ ಕಾಲುವೆ ಇತ್ತು. ಅದನ್ನು ಒಡೆದು, ಬಾಗಿ ಬಳಕಿ ಹರಿಯುವ 3.2 ಕಿ.ಮೀ. ಹೊಳೆ ಮಾಡಿದರು. 2012ರಲ್ಲಿ ಪಾರ್ಕ್ ತೆರೆಯಿತು. ದಡ ನಿಂತಿರುವುದು ಗಿಡದ ಬೇರು, ಕಲ್ಲು, ನಾರಿನ ಹಾಸಿನ ಮೇಲೆ. ಒಡೆದ ಕಾಂಕ್ರೀಟನ್ನು ಒಂದು ಗುಡ್ಡವಾಗಿ ಪೇರಿಸಿಬಿಟ್ಟರು! ಜೋರು ಮಳೆ ಬಂದರೆ ಹುಲ್ಲುಹಾಸು ಮುಳುಗುತ್ತದೆ. ಮುಳುಗಲಿ ಅಂತಲೇ ಹಾಗೆ ಮಾಡಿರುವುದು. ಜನ ಮೇಲೆ ಹೋಗಲಿ ಅಂತ ಸೈರನ್, ದೀಪ ಇಟ್ಟಿದ್ದಾರೆ. ಅದು ಹೊಳೆ, ನಿಮ್ಮದು ಕೆರೆ, ನಿಜ. ಮೆತ್ತನೆಯ ದಡ ನಿಲ್ಲುವುದಿಲ್ಲ ಅನ್ನುವ ಮಾತಿಗೆ ಮಾತ್ರ ಅದು ಉತ್ತರ.

ಬೆಳ್ಳಕ್ಕಿ:
ಅಷ್ಟು ದೂರ ಯಾಕೆ, ಜಕ್ಕೂರು ಕೆರೆಗೆ ಹೋಗಿ ಬನ್ನಿ. ಸಂಸ್ಕರಿಸಿದ ಕೊಳಚೆ ನೀರು ಮೊದಲು ಜೊಂಡಿನ ಜೌಗು ದಾಟಿ ಆಮೇಲೆ ಕೆರೆಗೆ ಸೇರುತ್ತದೆ. ದೀಪದ ವಿಷಯಕ್ಕೆ ನನ್ನದೂ ಒಂದು ಮಾತು: ಹಕ್ಕಿ ಕೂರುವ ಕಡೆ ಬೇಡವೇ ಬೇಡ.

ಹೊಂಗೆನೆರಳು:
ಜೊಂಡು ಅಂದರೆ ಸೊಳ್ಳೆ ಅಂತ ಗಲಾಟೆ ಮಾಡ್ತಾರೆ ಸರ್. ಹಿರಿಯರು ಬೇರೆ ಮಣ್ಣಿನ ದಾರಿ ಬೇಡ ಅಂತಿದ್ದಾರೆ.

ನೀರಗಂಟಿ:
ಸೊಳ್ಳೆ ಜಾಸ್ತಿ ಆಗುವುದು ಕೊಳಚೆ ನಿಂತಾಗ. ಮೀನು ನುಗ್ಗುವಷ್ಟು ಜಾಗ ಇದ್ದರೆ ಮರಿಯನ್ನೆಲ್ಲ ಅದೇ ತಿನ್ನುತ್ತದೆ. ಅದಕ್ಕೇ ಜೊಂಡನ್ನು ಆಗಾಗ ಕಟಾವು ಮಾಡಬೇಕು. ಯಾರು ಮಾಡ್ತಾರೆ, ದುಡ್ಡು ಎಲ್ಲಿಂದ ಅಂತ ಸಭೆಯಲ್ಲೇ ಬರೆಸಿಕೊಳ್ಳಿ. ಹಿರಿಯರಿಗೆ ಮೂಲ ಏರಿಯ ಮೇಲೆ ಗಟ್ಟಿ ದಾರಿ ಇರಲಿ, ಎದುರು ದಡಕ್ಕೆ ಮಣ್ಣಿನದು ಸಾಕು.

ಇನ್ನೊಂದು, ಸುಮ್ನೆ ಪ್ಲಾನ್ ನೋಡಿ ಬರಬೇಡಿ. ಸೆಕ್ಷನ್ ಡ್ರಾಯಿಂಗ್ (ದಡವನ್ನು ಅಡ್ಡಕ್ಕೆ ಕೊಯ್ದ ಹಾಗೆ ತೋರಿಸುವ ಚಿತ್ರ) ಕೇಳಿ, ನಾಲ್ಕೂ ಕಡೆಯದು. ದಡ ಎಷ್ಟು ಕಡಿದು ಅಂತ ಅದರಲ್ಲೇ ಗೊತ್ತಾಗುವುದು. ಸಿಕ್ಕರೆ ಇಲ್ಲಿ ಹಾಕಿ, ನೋಡೋಣ.