ಮಗಳ ಪುಸ್ತಕ ಅಚ್ಚು ಹಾಕಿಸಬೇಕಾ? ಗ್ರಂಥಾಲಯದ ಶಿಬಿರಕ್ಕೆ ಮಕ್ಕಳನ್ನು ಕಳಿಸಿದವರು ಅನುಭವ ಹೇಳಿ

ಕಾರವಾರದ ತಾಯಿ:
ನಮ್ಮ ಗ್ರಂಥಾಲಯದಲ್ಲಿ ಈ ಬೇಸಿಗೆ ರಜೆಗೆ ಮಕ್ಕಳೇ ಕಥೆ ಬರೆದು, ಚಿತ್ರ ಬಿಡಿಸಿ ಪುಸ್ತಕ ಮಾಡುವ ಶಿಬಿರ ಇದೆ. ಹತ್ತು ದಿನ. ಕಾಗದ, ಬಣ್ಣ ಅವರೇ ಕೊಡುತ್ತಾರೆ. ಮಗು ಮಾಡಿದ ಮೂಲ ಪ್ರತಿ ಅಲ್ಲೇ ಕಪಾಟಿನಲ್ಲಿ ಇರುತ್ತದಂತೆ. ಅಚ್ಚು ಬೇಕಿದ್ದರೆ ಖರ್ಚು ನಮ್ಮದು. ಮಗಳಿಗೆ ಒಂಬತ್ತು ವರ್ಷ, ಮನೆಯಲ್ಲಿ ಕೊಂಕಣಿ ಮಾತು. ಅಚ್ಚು ಹಾಕಿಸಲಾ? ಎಷ್ಟು ಪ್ರತಿ?

ಕುಮಟಾದ ಅಪ್ಪ:
ಹಾಕಿಸಿ ಕೈ ಸುಟ್ಟುಕೊಂಡವನು ನಾನು. ಮಗ ಅಘನಾಶಿನಿ ಹೊಳೆಯಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವ ಅಜ್ಜಿಯ ಕಥೆ ಬರೆದಿದ್ದ. 24 ಪುಟ, ಪೂರ್ತಿ ಬಣ್ಣ. ಆಫ್‌ಸೆಟ್ ಅಚ್ಚು ಅಂದರೆ ಒಂದೊಂದು ಫಾರಂಗೆ (ಒಟ್ಟಿಗೆ ಅಚ್ಚಾಗುವ ಪುಟಗಳ ಗುಂಪಿಗೆ) ನಾಲ್ಕು ಬಣ್ಣಕ್ಕೆ ನಾಲ್ಕು ಪ್ಲೇಟ್, ಅಂದರೆ ಅಚ್ಚಿನ ತಗಡು, ಆಗಲೇಬೇಕು, 50 ಹಾಕಿದರೂ ಪ್ಲೇಟಿನ ದುಡ್ಡು ಅಷ್ಟೇ, 500 ಹಾಕಿಸಿದರೆ ಒಂದಕ್ಕೆ ಕಡಿಮೆ ಬೀಳುತ್ತದೆ ಅಂದರು ಪ್ರೆಸ್ಸಿನವರು. ಅವರ ಲೆಕ್ಕ ಸರಿಯೇ ಇತ್ತು. ಅಚ್ಚಿಗೆ 31,500, ಸ್ಕ್ಯಾನಿಂಗಿಗೆ 1,800, ಗೂಡ್ಸ್ ರಿಕ್ಷಾಕ್ಕೆ 650. ಒಟ್ಟು 33,950. ನೆಂಟರಿಗೆ, ಶಾಲೆಗೆ, ಅಂಗಡಿಗೆ ಎಲ್ಲ ಸೇರಿ ಹೋಗಿದ್ದು 62. ಉಳಿದ 438 ಅಟ್ಟದ ಮೇಲೆ. ಮೊದಲ ಮಳೆಗಾಲಕ್ಕೇ ಬೂಷ್ಟು ಬಂತು. ಆರ್ಟ್ ಪೇಪರ್ ಥಂಡಿಗೆ ಒಂದಕ್ಕೊಂದು ಅಂಟಿಕೊಂಡು, ಬಿಡಿಸಲು ಹೋದರೆ ಚಿತ್ರವೇ ಕಿತ್ತು ಬರುತ್ತದೆ.

ಅದಕ್ಕಿಂತ ಹೊಟ್ಟೆ ಉರಿಯುವುದು ಇನ್ನೊಂದಿದೆ. ಹಳೇ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ವರ್ಡ್ ಫೈಲ್ ಕಳಿಸಿದ್ದೆ. ಅವರಲ್ಲಿ ಫಾಂಟ್ ಬೇರೆ, ಒತ್ತಕ್ಷರ ಹೆಚ್ಚುಕಡಿಮೆ ಆಯಿತು. ಪ್ರೂಫ್ ವಾಟ್ಸಾಪಿನಲ್ಲಿ ಬಂದಾಗ ಬಸ್ಸಿನಲ್ಲಿದ್ದೆ, ಓಕೆ ಅಂತ ಕಳಿಸಿಬಿಟ್ಟೆ. ಮೂರನೇ ಪುಟದಲ್ಲಿ 'ಅಜ್ಜಿ' ಹೋಗಿ 'ಅಜಿ' ಆಗಿದೆ, 500 ಪ್ರತಿಯಲ್ಲೂ. ಮಗ ಪೆನ್ನು ಹಿಡಿದು ತಿದ್ದುತ್ತಾ ಕೂತಿದ್ದ, 40ಕ್ಕೆ ಕೈ ಸೋತಿತು. ಯಾರಾದರೂ ಸರಿ, ಪಿಡಿಎಫ್ ಮಾಡಿ ಕಳಿಸಿ, ಪ್ರೂಫನ್ನು ಕಾಗದದ ಮೇಲೆ ತೆಗೆಸಿ ನೋಡಿ.

ಹೊನ್ನಾವರದ ಅಮ್ಮ:
500 ಯಾಕೆ ಹಾಕಿಸಿದಿರಿ ಅಣ್ಣಾ? ಪ್ಲೇಟ್ ಬೇಡದ ಡಿಜಿಟಲ್ ಅಚ್ಚು ಇದೆಯಲ್ಲ. ನಾನು 40 ಮಾಡಿಸಿದೆ. ಎ4 ಹಾಳೆ ಮಡಚಿ ಪುಸ್ತಕ. ಒಳಗೆ ಆರು ಹಾಳೆ, ಎರಡೂ ಬದಿ ಸೇರಿ 12, ಬದಿಗೆ 10 ರೂಪಾಯಿ. ದಪ್ಪ ರಟ್ಟಿಗೆ 30. ಒಂದಕ್ಕೆ 150, ಒಟ್ಟು 6,000. ನೆಮ್ಮದಿಯಾಗಿ ಮುಗಿಯಿತು ಅಂದುಕೊಂಡರೆ ಪುಟದ್ದು ಫಜೀತಿ. ಮಗಳ ಕಥೆ 22 ಪುಟ, ಮಡಚುವ ಪುಸ್ತಕಕ್ಕೆ ನಾಲ್ಕರ ಲೆಕ್ಕದಲ್ಲೇ ಬರಬೇಕು. ಕೊನೆಗೆ ಎರಡು ಪುಟ ಖಾಲಿ ಉಳಿದವು. ಅವಳು ಒಂದು ಗಂಟೆ ಅತ್ತಳು. ಮಾರನೇ ದಿನ ಎದ್ದು 40 ಪುಸ್ತಕದಲ್ಲೂ ಆ ಖಾಲಿ ಜಾಗದಲ್ಲಿ ಕೈಯಲ್ಲೇ ಒಂದೊಂದು ಏಡಿ ಬಿಡಿಸಿದಳು. ಒಂದರ ಹಾಗೆ ಇನ್ನೊಂದಿಲ್ಲ. ಒಂದಕ್ಕೆ ಕೊಂಬು ಒಂದೇ. ಕೇಳಿದರೆ, ಅದು ಬಲೆಯಿಂದ ತಪ್ಪಿಸಿಕೊಂಡು ಬಂದಿದ್ದು ಅಂದಳು.

ಇನ್ನೊಂದು ಮಾತು. ಪೆನ್ಸಿಲ್ ಗೆರೆ ಸ್ಕ್ಯಾನಿನಲ್ಲಿ ಸರಿಯಾಗಿ ಬರುವುದಿಲ್ಲ, ಹಳದಿ ಕ್ರೆಯಾನ್ ಎಷ್ಟೋ ಸಲ ಮಾಯ. ಕಪ್ಪು ಪೆನ್ನಿನಲ್ಲಿ ಹೊರಗೆರೆ ಹಾಕಿಸಲೇಬೇಕು.

ಶಿರಸಿಯ ನಿವೃತ್ತ ಶಿಕ್ಷಕ:
ಎಲ್ಲರೂ ದುಡ್ಡಿನದೇ ಹೇಳುತ್ತಿದ್ದೀರಿ. ಒಳಗಿನ ಭಾಷೆ? ನಾನು ಮೂರು ವರ್ಷ ಇಂಥ ಶಿಬಿರದಲ್ಲಿ ಕೂತು ಮಕ್ಕಳ ಕಥೆ ತಿದ್ದಿದ್ದೇನೆ. 'ಹೇಳ್ದಾ', 'ಹೋಪಾ' ಅಂತ ಬರೆದಿದ್ದನ್ನು ಹಾಗೇ ಬಿಟ್ಟರೆ ಕಪಾಟಿನಲ್ಲಿ ತಪ್ಪು ಕನ್ನಡ ಉಳಿಯುತ್ತದೆ. ಒಂದೊಂದು ಕಥೆಗೆ ನಾಲ್ಕು ಸಲ ಕರಡು ಮಾಡಿಸಿದೆ. ಆ ಮಕ್ಕಳು ಈಗ ಚೆನ್ನಾಗಿ ಬರೆಯುತ್ತಾರೆ, ನನಗೆ ಹೆಮ್ಮೆ ಇದೆ.

ಸಿದ್ದಾಪುರದ ತಾಯಿ:
ಮಾಸ್ತರೇ, ಗೌರವ ಇಟ್ಟುಕೊಂಡೇ ಹೇಳುತ್ತೇನೆ, ನಮ್ಮ ಹುಡುಗನ ಪುಸ್ತಕ ಕೆಟ್ಟಿದ್ದು ಇದರಿಂದಲೇ. ಅವನು ಬರೆದಿದ್ದು ಅಜ್ಜ ಅಡಿಕೆ ಸುಲಿಯುತ್ತಾ ಹೇಳಿದ ಕಥೆ, ಅಜ್ಜನ ಮಾತಿನಲ್ಲೇ. ಶಿಬಿರದಲ್ಲಿ ಯಾರೋ ದೊಡ್ಡವರು ಎಲ್ಲ 'ಹೇಳಿದನು', 'ಹೋದನು' ಮಾಡಿದರು. ಚಿತ್ರದಲ್ಲಿ ಅವನು ಕೆಮ್ಮಣ್ಣು ಕಲಸಿ ಬಳಿದಿದ್ದ, ಮನೆ ಗೋಡೆಗೆ ಬರೆಯುವ ಹಸೆ ಚಿತ್ತಾರದ ಹಾಗೆ. ಅದು ಉದುರುತ್ತದೆ ಅಂತ ಮೇಲೆ ಸ್ಕೆಚ್ ಪೆನ್ನು ಹಾಕಿಸಿದರು. ಪುಸ್ತಕ ಬಂದ ದಿನ ಅಜ್ಜನಿಗೆ ಓದಿ ಹೇಳು ಅಂದರೆ 'ಇದು ನಂದಲ್ಲ' ಅಂದ. ಎರಡು ವರ್ಷ ಆಯಿತು, ಇನ್ನೂ ತೆರೆದಿಲ್ಲ.

ಶಿರಸಿಯ ನಿವೃತ್ತ ಶಿಕ್ಷಕ:
ಆ ಶಿಬಿರದಲ್ಲಿ ನಾನಿರಲಿಲ್ಲ ತಂಗೀ. ಚಿತ್ರ ಮುಟ್ಟಿದ್ದು ತಪ್ಪು, ಒಪ್ಪುತ್ತೇನೆ. ಆದರೆ ಕಾಗುಣಿತ ತಿದ್ದಬಾರದು ಅಂದರೆ ಒಪ್ಪುವುದಿಲ್ಲ.

ಸಿದ್ದಾಪುರದ ತಾಯಿ:
ಕಾಗುಣಿತ ಬೇರೆ, ಅಜ್ಜನ ಮಾತು ಬೇರೆ. ನಾನು ಹೇಳಿದ್ದು ಎರಡನೆಯದು.

ಅಂಕೋಲಾ ಕಡೆಯ ಪಂಚಾಯತ್ ಗ್ರಂಥಪಾಲಕಿ:
ನಮ್ಮಲ್ಲಿ ಅಚ್ಚೇ ಇಲ್ಲ. 2020ರಲ್ಲಿ ಸರ್ಕಾರದ 'ಓದುವ ಬೆಳಕು' ಕಾರ್ಯಕ್ರಮ ಬಂದ ಮೇಲೆ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು, ಸಂಜೆ ಕೂರಲು ಜಾಗ ಸಾಲುತ್ತಿರಲಿಲ್ಲ. ಆಗ ಶುರು ಮಾಡಿದೆವು. ಒಂದು ಮಗು, ಒಂದು ಪ್ರತಿ. ಬೇರೆ ಪುಸ್ತಕದ ಹಾಗೇ ರಿಜಿಸ್ಟರಿನಲ್ಲಿ ನಂಬರು ಹಾಕಿ ಕಪಾಟಿಗೆ ಇಡುತ್ತೇನೆ. ಮಕ್ಕಳು ಒಬ್ಬರದ್ದೊಬ್ಬರು ಮನೆಗೆ ಒಯ್ಯುತ್ತಾರೆ. ಬೆಕ್ಕಿನ ಕಥೆಯೊಂದು ಎಷ್ಟು ಮನೆ ತಿರುಗಿತೆಂದರೆ, ಬೆನ್ನಿಗೆ ಮೂರು ಸಲ ಬಟ್ಟೆ ಅಂಟಿಸಿದ್ದೇನೆ.

ಕುಮಟಾದ ಅಪ್ಪ:
ಮೇಡಂ, ಆಸ್ತಿ ತೆರಿಗೆ ಜೊತೆ 100ಕ್ಕೆ 6 ರೂಪಾಯಿ ಗ್ರಂಥಾಲಯ ಕರ ಕಟ್ಟುತ್ತೇವೆ. ಅಚ್ಚಿನ ಖರ್ಚು ಮಾತ್ರ ಅಪ್ಪ ಅಮ್ಮನ ತಲೆಗೆ ಯಾಕೆ?

ಅಂಕೋಲಾ ಕಡೆಯ ಪಂಚಾಯತ್ ಗ್ರಂಥಪಾಲಕಿ:
ಆ ದುಡ್ಡು ನನ್ನ ಮೇಜಿಗೆ ಬರುವುದಿಲ್ಲ ಸರ್. ಬಣ್ಣದ ಪೆಟ್ಟಿಗೆ ಎಷ್ಟೋ ಸಲ ನಾನೇ ತಂದಿದ್ದೇನೆ. ನನ್ನನ್ನು ಕೇಳಬೇಡಿ.

ಭಟ್ಕಳದವ:
ಮನೆಯಲ್ಲಿ ಕೊಂಕಣಿ ಅಂತ ಹೇಳಿದ್ದಾರೆ, ಅದರ ಬಗ್ಗೆ ಯಾರೂ ಮಾತಾಡಲಿಲ್ಲ. ಕನ್ನಡ ಗ್ರಂಥಾಲಯದ ಪುಸ್ತಕ ಕನ್ನಡದಲ್ಲೇ ಇರಲಿ. ಅರ್ಧ ಅದು ಅರ್ಧ ಇದು ಆದರೆ ಎರಡೂ ಬರುವುದಿಲ್ಲ.

ಹೊನ್ನಾವರದ ಅಮ್ಮ:
ನಮ್ಮ ಮನೆಯಲ್ಲೂ ಕೊಂಕಣಿಯೇ. ಮಗಳ ಕಥೆಯಲ್ಲಿ ಅಜ್ಜಿ 'ನುಸ್ತೆ' ಅಂತಲೇ ಕರೆಯುತ್ತಾಳೆ, ಮೀನು ಅನ್ನುವುದಿಲ್ಲ. ಓದಿದವರಿಗೆ ಅರ್ಥವಾಗಿದೆ. 1992ರಲ್ಲೇ ಸಂವಿಧಾನದ ಎಂಟನೇ ಪರಿಚ್ಛೇದ ಸೇರಿದ ಭಾಷೆ, ಕನ್ನಡ ಲಿಪಿಯಲ್ಲೇ ಬರೆಯುತ್ತೇವೆ. ನಿಮಗೇನು ಕಷ್ಟ ಮಾರಾಯ್ರೇ?

ಭಟ್ಕಳದವ:
ನನಗೆ ಕಷ್ಟ ಇಲ್ಲ. ಶಾಲೆಯಲ್ಲಿ ಆ ಮಗು ಕಷ್ಟಪಡುತ್ತದೆ. ನಾನು ಪಟ್ಟಿದ್ದೇನೆ, ಅದಕ್ಕೇ ಹೇಳಿದ್ದು.

ಕಾರವಾರದ ತಾಯಿ:
ದಯವಿಟ್ಟು ಜಗಳ ಬೇಡ. ಅಚ್ಚು ಸದ್ಯ ಬಿಟ್ಟೆ. ಮೂಲ ಪ್ರತಿ ಅಲ್ಲಿರಲಿ, ಮನೆಗೊಂದು ಅವಳ ಕೈಯಲ್ಲೇ ಮಾಡಿಸುತ್ತೇನೆ. ಸ್ಟೇಪ್ಲರ್ ಸಾಕಾ?

ಅಂಕೋಲಾ ಕಡೆಯ ಪಂಚಾಯತ್ ಗ್ರಂಥಪಾಲಕಿ:
ಪಿನ್ನು ಬೇಡ ಅಕ್ಕಾ. ನಮ್ಮ ಉಪ್ಪುಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಕಾಗದ ಕೆಂಪಾಗುತ್ತದೆ. ಮಡಿಕೆಯಲ್ಲಿ ಮೂರು ತೂತು ಮಾಡಿ ದಾರದಲ್ಲಿ ಹೊಲಿಯಿರಿ. ನೈಲಾನ್ ಬೇಡ, ಕಾಗದ ಕೊಯ್ಯುತ್ತದೆ. ಕೌದಿ ಹೊಲಿಯುವ ದಪ್ಪ ಹತ್ತಿ ದಾರ ತಂದು, ಮೇಣದಬತ್ತಿಗೆ ಎರಡು ಸಲ ಉಜ್ಜಿ. ನಡುವಿನ ತೂತಿನಿಂದ ಶುರು ಮಾಡಿ, ಗಂಟು ಒಳಗಡೆ ಬರಲಿ.