ಕುಳ್ಳಗಿರುವವರಿಗೆ ಮೊದಲ ದೊಡ್ಡ ಗಾಡಿ ಯಾವುದು? ಗದಗದಿಂದ ಕೇಳುತ್ತಿದ್ದೇನೆ

ಕಪ್ಪತಗುಡ್ಡ ಗಾಳಿ (ಗದಗ):

ಎಲ್ಲರಿಗೂ ನಮಸ್ಕಾರ. ನನ್ನ ಎತ್ತರ 5 ಅಡಿ 2 ಇಂಚು, ತೂಕ 56 ಕೆ.ಜಿ. 9 ವರ್ಷದಿಂದ ಒಂದು 150 ಸಿಸಿ ಗಾಡಿ ಓಡಿಸುತ್ತಿದ್ದೇನೆ, ಅದರಲ್ಲೇ ಬಾದಾಮಿ, ಜೋಗ, ಕಾರವಾರ ಎಲ್ಲಾ ಸುತ್ತಿ ಬಂದಿದ್ದೇನೆ. ಈಗ ಉಳಿಸಿಟ್ಟ ದುಡ್ಡಿನಲ್ಲಿ ದೂರ ಹೋಗೋಕೆ ಅಂತಲೇ ಒಂದು ದೊಡ್ಡ ಗಾಡಿ ತಗೋಬೇಕು. ರಾಯಲ್ ಎನ್‌ಫೀಲ್ಡ್‌ನ ಎರಡು ಬೈಕ್, ಸೂಪರ್ ಮೀಟಿಯರ್ 650 ಮತ್ತು ಹಿಮಾಲಯನ್ 450, ಇವೆರಡರ ನಡುವೆ ಮನಸ್ಸು ಓಡಾಡುತ್ತಿದೆ.

ಹೋದ ವಾರ ಶೋರೂಂಗೆ ಹೋಗಿದ್ದೆ. ಹಿಮಾಲಯನ್ ಮೇಲೆ ಕೂತರೆ ಎರಡೂ ಕಡೆ ಬೆರಳ ತುದಿ ಅಷ್ಟೇ ನೆಲಕ್ಕೆ ತಾಗುತ್ತದೆ. ಅಲ್ಲಿದ್ದವರು "ನಿಮಗಿದು ಆಗೋದಿಲ್ಲ ಬಿಡ್ರಿ ಮೇಡಂ, ಸ್ಕೂಟರ್ ನೋಡ್ರಿ" ಅಂದರು. ಆ ಮಾತು ಬಹಳ ನೋಯಿಸಿತು. ಸೂಪರ್ ಮೀಟಿಯರ್ ಮೇಲೆ ಎರಡೂ ಪಾದ ಚೆನ್ನಾಗಿ ನೆಲಕ್ಕೆ ಕೂತವು, ಆದರೆ ಸೈಡ್ ಸ್ಟ್ಯಾಂಡ್‌ನಿಂದ ನೆಟ್ಟಗೆ ನಿಲ್ಲಿಸುವಾಗಲೇ ಎದೆ ಝಲ್ಲಂತು, 241 ಕೆ.ಜಿ. ಅಲ್ವಾ. ಒಂದು ಎತ್ತರ, ಇನ್ನೊಂದು ಭಾರ. ನನ್ನಷ್ಟೇ ಎತ್ತರ ಇರುವವರು ಯಾರಾದರೂ ಇಂಥ ಗಾಡಿ ಇಟ್ಟುಕೊಂಡಿದ್ದರೆ ನಿಜ ಏನು ಅಂತ ಹೇಳಿ. ಸಮಾಧಾನದ ಮಾತು ಬೇಡ.

ಕೆಂಪು ಮಣ್ಣು (ಧಾರವಾಡ):

ಅಕ್ಕಾ, ನಾನು 5 ಅಡಿ 3 ಇಂಚು. ಹಿಮಾಲಯನ್ 450 ಇದೆ. ನೀವು ಕೂತು ನೋಡಿದ್ದು ಮಾಮೂಲಿ ಸೀಟು ಇರಬೇಕು, ಅದು 825 ಮಿ.ಮೀ. ಇದಕ್ಕೆ ಕಂಪನಿಯದೇ ಕೆಳಗಿನ ಸೀಟು ಸಿಗುತ್ತದೆ, ಅದು ಹಾಕಿದರೆ 805ಕ್ಕೆ ಇಳಿಯುತ್ತದೆ. ನಾನು ಅದನ್ನೇ ಹಾಕಿಸಿದ್ದೇನೆ.

ಇನ್ನೊಂದು ವಿಷಯ ಶೋರೂಂನಲ್ಲಿ ಯಾರೂ ಹೇಳೋದಿಲ್ಲ. ಕಾಗದದ ಮೇಲೆ ಸೀಟಿನ ಎತ್ತರ ಸೂಪರ್ ಮೀಟಿಯರ್‌ದು 740, ಹಿಮಾಲಯನ್‌ದು 825, ಅಂದರೆ 85 ಮಿ.ಮೀ. ವ್ಯತ್ಯಾಸ. ಆದರೆ ಹಿಮಾಲಯನ್ ಸಸ್ಪೆನ್ಷನ್ 200 ಮಿ.ಮೀ. ಆಡುತ್ತದೆ, ಸೂಪರ್ ಮೀಟಿಯರ್ ಹಿಂದೆ ಬರೀ 101. ಮೇಲೆ ಕೂತ ಕೂಡಲೇ ಉದ್ದ ಸಸ್ಪೆನ್ಷನ್ ಜಾಸ್ತಿ ಕುಸಿಯುತ್ತದೆ, ಹಾಗಾಗಿ ವ್ಯತ್ಯಾಸ ಅಷ್ಟು ಉಳಿಯೋದಿಲ್ಲ. ನಿಮ್ಮ ತೂಕ ಕಡಿಮೆ, ಅದಕ್ಕೆ ಹಿಂದಿನ ಸ್ಪ್ರಿಂಗಿನ ಬಿಗಿ ಸ್ವಲ್ಪ ಸಡಿಲ ಮಾಡಿಸಿ, ಆಮೇಲೆ ಮತ್ತೆ ಕೂತು ನೋಡಿ. ಬೂಟು ಹಾಕಿಕೊಂಡೇ ಹೋಗಿ. ಚಪ್ಪಲಿಗೂ ದಪ್ಪ ಅಟ್ಟೆಯ ಬೂಟಿಗೂ 2 ಸೆಂ.ಮೀ. ವ್ಯತ್ಯಾಸ ಬರುತ್ತದೆ, ನಮ್ಮಂಥವರಿಗೆ ಅದು ಸಣ್ಣದಲ್ಲ.

ಎರಡೂ ಕಾಲು ಊರಲೇಬೇಕು ಅನ್ನೋದನ್ನು ಮೊದಲು ಬಿಡಿ. ನಿಲ್ಲುವ ಮೊದಲೇ ಒಂದನೇ ಗೇರಿಗೆ ತನ್ನಿ, ಸೊಂಟ ಸ್ವಲ್ಪ ಎಡಕ್ಕೆ ಜಾರಿಸಿ, ಎಡಗಾಲು ಪೂರ್ತಿ ಊರಿ, ಬಲಗಾಲು ಹಿಂದಿನ ಬ್ರೇಕ್ ಮೇಲೇ ಇರಲಿ. ಧಾರವಾಡದಲ್ಲಿ ಸಪಾಟಾದ ಸಿಗ್ನಲ್ ಎಲ್ಲಿದೆ ಹೇಳಿ, ಎಲ್ಲಾ ಏರು ಇಳಿವು. ಎರಡು ಕಾಲು ಊರಿ ಏರಿನಲ್ಲಿ ನಿಂತರೆ ಹಿಂದಿನ ಬ್ರೇಕ್ ಒತ್ತೋಕೆ ಕಾಲೇ ಇರೋದಿಲ್ಲ, ಗಾಡಿ ಹಿಂದಕ್ಕೆ ಜಾರುತ್ತದೆ. ಉದ್ದ ಕಾಲಿನವರೂ ಅಲ್ಲಿ ಒಂದೇ ಕಾಲು ಊರುತ್ತಾರೆ.

ಏಲಕ್ಕಿ ಹಾರ (ಹಾವೇರಿ):

ತಂಗಿ, ನಾನು ಸೂಪರ್ ಮೀಟಿಯರ್ ಓಡಿಸುತ್ತೇನೆ, 5 ಅಡಿ 1 ಇಂಚು. ಎರಡು ವರ್ಷ ಆಯಿತು. ಹೈವೇ ಮೇಲೆ ಇದರಂಥ ಗಾಡಿ ಇಲ್ಲ. ಆಷಾಢದಲ್ಲಿ ಗದಗ ಕಡೆ ಗಾಳಿ ಹೇಗೆ ಬೀಸುತ್ತದೆ ನಿಮಗೆ ಗೊತ್ತೇ ಇದೆ, ಹಗುರ ಗಾಡಿಯನ್ನು ಪಕ್ಕಕ್ಕೆ ನೂಕಿಬಿಡುತ್ತದೆ, ಇದು ಅಲುಗಾಡೋದಿಲ್ಲ. ಒಮ್ಮೆ ಓಡೋಕೆ ಶುರು ಮಾಡಿದರೆ 241 ಕೆ.ಜಿ. ಎಲ್ಲಿ ಹೋಯಿತು ಅನ್ನಿಸುತ್ತದೆ.

ಆದರೆ ನೀವು ನಿಜ ಕೇಳಿದ್ದೀರಿ, ಹೇಳುತ್ತೇನೆ. ಕಷ್ಟ ಬರೋದೆಲ್ಲಾ ಗಾಡಿ ನಿಂತಾಗ. ತಗೊಂಡ ಎರಡನೇ ವಾರ ಒಂದು ಮಿರ್ಚಿ ಅಂಗಡಿ ಮುಂದೆ ನಿಲ್ಲಿಸಿದೆ, ಮುಂದಿನ ಚಕ್ರ ಗೋಡೆ ಕಡೆ, ಜಾಗ ಗೋಡೆ ಕಡೆಗೇ ಇಳಿಜಾರು. ತಿಂದು ಬಂದು ಹಿಂದಕ್ಕೆ ಎಳೆದರೆ ಬರಲಿಲ್ಲ. ಕೂತು ಕಾಲಿನಿಂದ ತಳ್ಳಿದರೂ ಇಲ್ಲ, ಖಡಿ ಮೇಲೆ ಬೂಟು ಜಾರುತ್ತಿತ್ತು. ಕಡೆಗೆ ಅಂಗಡಿಯವರು, ಇನ್ನಿಬ್ಬರು ಸೇರಿ ಎಳೆದು ಕೊಟ್ಟರು. ಅವತ್ತಿನಿಂದ ಎಲ್ಲೇ ನಿಲ್ಲಿಸಲಿ, ಮೊದಲು ಹೊರಗೆ ಹೋಗುವ ದಾರಿ ನೋಡುತ್ತೇನೆ. ಮುಂದಿನ ಚಕ್ರ ಏರಿನ ಕಡೆಗೆ ಇರಬೇಕು, ಆಗ ಗಾಡಿ ತಾನಾಗೇ ಹಿಂದಕ್ಕೆ ಬರುತ್ತದೆ. ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಲೇಬೇಕಾದರೆ ಇಂಜಿನ್ ಆರಿಸಿ ಒಂದನೇ ಗೇರಿನಲ್ಲಿ ಬಿಡಿ, ಇಲ್ಲಾಂದರೆ ಮುಂದಕ್ಕೆ ಉರುಳಿ ಸ್ಟ್ಯಾಂಡ್ ಮಡಚಿಕೊಳ್ಳುತ್ತದೆ.

ಕೈ ಎಷ್ಟು ಎಟುಕುತ್ತದೆ ಅಂತಲೂ ನೋಡಿ. ಇದರಲ್ಲಿ ಕಾಲು ಮುಂದೆ ಚಾಚಬೇಕು. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಹೊರಗಿನ ಕೈ ದೂರ ಹೋಗುತ್ತದೆ. ಯು ಟರ್ನ್‌ನಲ್ಲಿ ಅಲ್ಲೇ ನನಗೆ ಮೊದಮೊದಲು ಭಯ ಆಗುತ್ತಿತ್ತು. ಆಮೇಲೆ ಗಾಡಿಯ ಹೊಟ್ಟೆಕೆಳಗೆ 135 ಮಿ.ಮೀ. ಜಾಗ ಅಷ್ಟೇ, ನಮ್ಮ ಹಳ್ಳಿ ರೋಡ್ ಹಂಪ್‌ಗಳಿಗೆ ಹುಷಾರಾಗಿರಬೇಕು.

ಗೋಕುಲ ರೋಡ್ ಪಾನಾ (ಹುಬ್ಬಳ್ಳಿ):

ಗಾಡಿ ರಿಪೇರಿ ನನ್ನ ಕೆಲಸ, 22 ವರ್ಷ ಆಯಿತು. ಒಂದೇ ಮಾತು ಕಡ್ಡಾಯವಾಗಿ ಕೇಳಿ ಮೇಡಂ: ಹಿಂದಿನ ಸಸ್ಪೆನ್ಷನ್‌ಗೆ ಬೇರೆ ಲಿಂಕ್ ಪಟ್ಟಿ ಹಾಕಿ ಗಾಡಿ ತಗ್ಗಿಸೋಕೆ ಹೋಗಬೇಡಿ. ಹಿಂದೆ ಮಾತ್ರ ತಗ್ಗಿಸಿದರೆ ಮುಂದಿನ ಫೋರ್ಕಿನ ಕೋನ ಬದಲಾಗುತ್ತದೆ, ತಿರುವಿನಲ್ಲಿ ಹ್ಯಾಂಡಲ್ ಮೊದಲಿನಂತೆ ಇರೋದಿಲ್ಲ. ಸೈಡ್ ಸ್ಟ್ಯಾಂಡ್ ಉದ್ದ ಹೆಚ್ಚಾಗಿ ಗಾಡಿ ನೆಟ್ಟಗೆ ನಿಲ್ಲುತ್ತದೆ, ಸ್ವಲ್ಪ ಗಾಳಿ ಬಂದರೂ ಆಚೆ ಬದಿಗೆ ಬೀಳುತ್ತದೆ. ಹಾಗೆ ಬಿದ್ದ ಗಾಡಿಗಳ ಟ್ಯಾಂಕ್ ಡೊಂಕು ತೆಗೆದು ಸಾಕಾಗಿದೆ ನನಗೆ.

ಸೀಟು ಕೆತ್ತಿಸೋದಾದರೆ ನಡುವೆ ಅಲ್ಲ, ತೊಡೆ ತಾಗುವ ಎರಡು ಅಂಚು ಕೆತ್ತಿಸಿ. ಕಾಲು ನೇರ ಕೆಳಗೆ ಇಳಿಯಬೇಕು ಅಲ್ವಾ, ಅಗಲ ಸೀಟು ಕಾಲನ್ನು ಹೊರಗೆ ತಳ್ಳುತ್ತದೆ, ಅಲ್ಲೇ ಎತ್ತರ ಕಳೆದುಹೋಗೋದು. ನಡುವಿನ ಫೋಮ್ ತೆಗೆದರೆ 100 ಕಿ.ಮೀ. ಆದ ಮೇಲೆ ಕೂರೋಕೆ ಆಗೋದಿಲ್ಲ.

ಲಗೇಜ್ ಕೆಳಗೆ ಕಟ್ಟಿ, ಹಿಂದೆ ಮೇಲೆ ದೊಡ್ಡ ಡಬ್ಬಿ ಇಟ್ಟು ತುಂಬಿಸಬೇಡಿ. ಮೇಲಿನ 10 ಕೆ.ಜಿ., ನಿಂತ ಗಾಡಿಯಲ್ಲಿ ಬಹಳ ದೊಡ್ಡದು. ಹಾಗೇ ಟೆಸ್ಟ್ ರೈಡ್‌ಗೆ ಕೊಡುವ ಗಾಡಿಯಲ್ಲಿ ಪೆಟ್ರೋಲ್ ತಳಕ್ಕೆ ಇರುತ್ತದೆ. ಹಿಮಾಲಯನ್ ಟ್ಯಾಂಕ್ 17 ಲೀಟರ್, ತುಂಬಿಸಿದರೆ ಸುಮಾರು 12 ಕೆ.ಜಿ. ಪೆಟ್ರೋಲ್, ಅದೂ ಮೇಲ್ಗಡೆ. ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಕಪ್ಪತಗುಡ್ಡ ಗಾಳಿ (ಗದಗ):

ಇಷ್ಟು ವಿವರ ಯಾರೂ ಹೇಳಿರಲಿಲ್ಲ. ಹಾವೇರಿ ಅಕ್ಕಾ, ಆ ಮಿರ್ಚಿ ಅಂಗಡಿ ವಿಷಯ ಓದಿ ನಾನು ದಿನಾ ಗಾಡಿ ಎಲ್ಲಿ ನಿಲ್ಲಿಸುತ್ತೇನೆ ಅಂತ ನೋಡಿದೆ. ಮನೆ ಮುಂದೆ ಗಟಾರದ ಮೇಲಿನ ಫರ್ಸಿ, ಆಮೇಲೆ ಒಂದು ಏರು, ಆಮೇಲೆ ಗೇಟ್. ಹೊಲಕ್ಕೆ ಹೋದರೆ ಎರೆ ಮಣ್ಣು. ಮಳೆ ಬಿದ್ದ ದಿನ ಅದರಲ್ಲಿ 150 ಸಿಸಿಯೇ ಚಕ್ರಕ್ಕೆ ಮಣ್ಣು ಮೆತ್ತಿಕೊಂಡು ನಿಂತುಬಿಡುತ್ತದೆ. ಗಾಡಿ ಬಿದ್ದರೆ ಒಬ್ಬಳೇ ಎತ್ತಬಲ್ಲೆನಾ ಅನ್ನೋದೇ ಈಗ ದೊಡ್ಡ ಪ್ರಶ್ನೆ.

ಕೆಂಪು ಮಣ್ಣು (ಧಾರವಾಡ):

ಎತ್ತೋದು ತೋಳಿನ ಬಲದಿಂದ ಅಲ್ಲ ಅಕ್ಕಾ, ಕಾಲಿನಿಂದ. ಇಂಜಿನ್ ಆರಿಸಿ, ಗೇರಿನಲ್ಲಿ ಹಾಕಿ. ಬಲಕ್ಕೆ ಬಿದ್ದಿದ್ದರೆ ಮೊದಲು ಸೈಡ್ ಸ್ಟ್ಯಾಂಡ್ ಬಿಚ್ಚಿಡಿ, ಇಲ್ಲಾಂದರೆ ಎತ್ತಿದ ಜೋರಿಗೆ ಆಚೆ ಕಡೆ ಬೀಳುತ್ತದೆ. ಹ್ಯಾಂಡಲ್ ಬಿದ್ದ ಬದಿಗೆ ಪೂರ್ತಿ ತಿರುಗಿಸಿ, ಗಾಡಿಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತು ಸೀಟಿಗೆ ಸೊಂಟ ಒತ್ತಿ. ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿ, ಇನ್ನೊಂದರಲ್ಲಿ ಹಿಂದಿನ ಕಂಬಿ. ಬೆನ್ನು ನೆಟ್ಟಗಿರಲಿ. ಸಣ್ಣ ಸಣ್ಣ ಹೆಜ್ಜೆ ಹಿಂದಕ್ಕೆ ಇಡುತ್ತಾ ಹೋಗಿ.

ಎರೆ ಮಣ್ಣಿಗೆ ಸ್ಟ್ಯಾಂಡ್ ಕೆಳಗೆ ಇಡೋಕೆ ಒಂದು ಚಪ್ಪಟೆ ತಗಡು ಜೊತೆಗಿಟ್ಟುಕೊಳ್ಳಿ, ಬರೀ ಸ್ಟ್ಯಾಂಡ್ ಆದರೆ ಅರ್ಧ ಗಂಟೆಯಲ್ಲಿ ಒಳಗೆ ಇಳಿಯುತ್ತದೆ. ಮತ್ತೆ ರಸ್ತೆ ಎಡ ಅಂಚು ಯಾವಾಗಲೂ ತಗ್ಗು, ನೀರು ಹೋಗಲಿ ಅಂತ ಹಾಗೆ ಮಾಡಿರುತ್ತಾರೆ. ತೀರಾ ಅಂಚಿನಲ್ಲಿ ನಿಂತರೆ ನಮ್ಮ ಎಡಗಾಲಿಗೆ ನೆಲವೇ ಸಿಗೋದಿಲ್ಲ. ಸ್ವಲ್ಪ ಒಳಗೆ ನಿಲ್ಲಿ. ನಿಧಾನವಾಗಿ ತಿರುಗುವಾಗ ಮುಂದಿನ ಬ್ರೇಕ್ ಮುಟ್ಟಬೇಡಿ, ನಾನು ಗಾಡಿ ಕೆಡವಿದ ಎರಡು ಸಲವೂ ಅದೇ ಕಾರಣ.

ಸುಮ್ನೆ ಓದಿ ಕಲಿಯೋದಲ್ಲ ಇದು. ಭಾನುವಾರ ಬೆಳಿಗ್ಗೆ 7ಕ್ಕೆ ಕೆಲಗೇರಿ ಕೆರೆ ಹತ್ತಿರ ಬರೋಕೆ ಆಗುತ್ತಾ? ಮನೆಯವರನ್ನೂ ಕರೆತನ್ನಿ. ಹಳೇ ಗಾದಿ ತರುತ್ತೇನೆ, ಅದರ ಮೇಲೆ ನನ್ನ ಗಾಡಿ ಮಲಗಿಸಿ ನೀವೇ ಎತ್ತಿ ನೋಡಿ. ಹಾವೇರಿ ಅಕ್ಕ ಕೂಡ ಬಂದರೆ ಎರಡೂ ಗಾಡಿ ಒಂದೇ ಕಡೆ ನೋಡಿದ ಹಾಗಾಗುತ್ತದೆ.

ಏಲಕ್ಕಿ ಹಾರ (ಹಾವೇರಿ):

ಬರುತ್ತೇನೆ. ಟ್ಯಾಂಕ್ ತುಂಬಿಸಿಕೊಂಡೇ ಬರುತ್ತೇನೆ.

ಕಪ್ಪತಗುಡ್ಡ ಗಾಳಿ (ಗದಗ):

ಹೋಗಿ ಬಂದೆ. ತಮ್ಮನ ಜೊತೆ ಬೆಳಿಗ್ಗೆ 5ಕ್ಕೇ ಗದಗ ಬಿಟ್ಟೆವು. ಇಬ್ಬರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಹಿಮಾಲಯನ್ ಮೂರನೇ ಪ್ರಯತ್ನಕ್ಕೆ ಎದ್ದಿತು, ಯಾರೂ ಕೈ ಹಚ್ಚಲಿಲ್ಲ. ಅಕ್ಕನ ಸೂಪರ್ ಮೀಟಿಯರ್ ಮೊಣಕಾಲೆತ್ತರಕ್ಕೆ ಬಂತು, ಅಲ್ಲಿಂದ ಮುಂದೆ ನನ್ನಿಂದ ಆಗಲಿಲ್ಲ. ಆದರೆ ಓಡಿಸುವಾಗ ಅಕ್ಕನ ಗಾಡಿಯೇ ಇಷ್ಟ ಆಯಿತು ಅಂತ ಹೇಳಲೇಬೇಕು. ಇಂಜಿನ್ ಅಷ್ಟು ನುಣುಪು. ಕೆಳಗಿನ ಸೀಟಿನ ಹಿಮಾಲಯನ್‌ನಲ್ಲಿ ಎಡಗಾಲಿನ ಮುಂಪಾದ ಗಟ್ಟಿಯಾಗಿ ಊರುತ್ತದೆ, ಸೊಂಟ ಜಾರಿಸಿದರೆ ಹಿಮ್ಮಡಿಯೂ ತಾಗುತ್ತದೆ. ಅಲ್ಲಿನ ಏರಿನಲ್ಲಿ ಹತ್ತು ಸಲ ನಿಲ್ಲಿಸಿ ಹೊರಡಿಸಿದೆ. ಮೊದಲ ಮೂರು ಸಲ ಇಂಜಿನ್ ಆಫ್ ಆಯಿತು, ಆಮೇಲೆ ಆಗಲಿಲ್ಲ.

ಮನೆ ಮುಂದಿನ ಫರ್ಸಿ, ಹೊಲದ ದಾರಿ ಎಲ್ಲಾ ನೆನೆದು ಹಿಮಾಲಯನ್ ಬುಕ್ ಮಾಡಿದೆ, ಕೆಳಗಿನ ಸೀಟು ಸಮೇತ. ಬೇರೆ ಶೋರೂಂನಲ್ಲಿ. ಪಾನಾ ಅಣ್ಣಾ, ಗಾಡಿ ಬಂದ ಮೇಲೆ ಸ್ಪ್ರಿಂಗ್ ಬಿಗಿ ನೋಡಿಸೋಕೆ ನಿಮ್ಮ ಹತ್ತಿರವೇ ಬರಬೇಕು ಅಂತಿದ್ದೇನೆ, ಯಾವ ವಾರ ರಜೆ ಹೇಳಿ.

ಗೋಕುಲ ರೋಡ್ ಪಾನಾ (ಹುಬ್ಬಳ್ಳಿ):

ಮಂಗಳವಾರ ಬಿಟ್ಟು ಯಾವಾಗಲಾದರೂ ಬನ್ನಿ. ದೂರ ಹೋಗುವಾಗ ಕಟ್ಟುವ ಲಗೇಜ್ ಕಟ್ಟಿಕೊಂಡೇ ಬನ್ನಿ, ಖಾಲಿ ಗಾಡಿಗೆ ನೋಡಿದ ಬಿಗಿ ಲಗೇಜ್ ಹೇರಿದಾಗ ಸಾಲೋದಿಲ್ಲ.